ಗಾಳಿ ಹಿಡಿದ ಪಂಪು

ಮೂವತ್ತೊಂದು ವರ್ಷ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್ ಆಗಿದ್ದವರನ್ನು ಮನೆಯವರೂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದರು. ಪೇಪರ್ ಹಾಕುವವನಿಗೆ ಅವರು ಸಿಸ್ಟರ್, ಎದುರು ಮನೆಯ ಮುದುಕರಿಗೆ ಸಿಸ್ಟರ್. ತಮ್ಮನ ಹೆಂಡತಿ ಕೂಡ ‘ಅತ್ತಿಗೆ’ ಎಂದು ಬಾಯಿ ತೆರೆದು, ಅವಸರವಿದ್ದರೆ ‘ಸಿಸ್ಟರ್’ ಎಂದೇ ಮುಗಿಸುತ್ತಿದ್ದಳು. ತಮ್ಮನೊಬ್ಬ ಮಾತ್ರ ಅಕ್ಕ ಅನ್ನುತ್ತಿದ್ದ.

ನಿವೃತ್ತಿಯಾದ ಎರಡನೆಯ ತಿಂಗಳಿಗೆ ಸಿಸ್ಟರು ಬಾಡಿಗೆ ಮನೆ ಬಿಟ್ಟು, ಎರಡು ಟ್ರಂಕಿನೊಂದಿಗೆ ತಮ್ಮನ ಮನೆಗೆ ಬಂದರು. ರಸ್ತೆಯ ಕಡೆಗೆ ತಮ್ಮನ ಕನ್ನಡಕದ ಅಂಗಡಿ, ಅದರ ಹಿಂದೆ ಮನೆ. ಅವರಿಗೆ ಕೊಟ್ಟದ್ದು ಅಂಗಡಿಗೆ ಅಂಟಿಕೊಂಡ ಕೋಣೆ; ಕಿಟಕಿ ತೆರೆದರೆ ಗಿರಾಕಿಗಳು ಮೆಟ್ಟಿಲು ಹತ್ತುವುದು ಕಾಣುತ್ತಿತ್ತು. ಬೆಳಗಿನ ಐದಕ್ಕೆ ಎಚ್ಚರವಾಗುವ ಅಭ್ಯಾಸ ಹೋಗಲಿಲ್ಲ. ಕೈಗಳಿಗೆ ಕೆಲಸವಿಲ್ಲ. ಕಣ್ಣು ಮಾತ್ರ ಹಳೆಯ ಡ್ಯೂಟಿಯಲ್ಲೇ ಇತ್ತು. ಹೋಗುವವರ ಬರುವವರ ಕಾಲು ನೋಡುವುದು, ಪಾದದ ಬಾವು ನೋಡುವುದು.

“ಈಗ ಒಳಗೆ ಬಂದ್ರಲ್ಲ, ನೀಲಿ ಅಂಗಿಯೋರು, ಅವ್ರ ಮೈಯಲ್ಲಿ ಎರಡು ಕೆಜಿ ನೀರು ಜಾಸ್ತಿ ಇದೆ,” ಎಂದು ತಮ್ಮನ ಹೆಂಡತಿಗೆ ಹೇಳುವರು.

“ಅವ್ರು ಓದೋ ಕನ್ನಡಕ ಮಾಡಿಸೋಕೆ ಬಂದಿದಾರೆ, ಅತ್ತಿಗೆ. ಬಿಟ್ಬಿಡಿ ಪಾಪ.”

ಒಂದು ದಿನ ಅವರು ಬಿಡಲಿಲ್ಲ. ಕೌಂಟರಿನ ಪಕ್ಕ ಬಂದು ನಿಂತು, ಕಣ್ಣು ತೋರಿಸಲು ಬಂದಿದ್ದ ಗಿರಾಕಿಗೆ, “ಸ್ವಲ್ಪ ಕಾಲು ತೋರಿಸ್ತೀರಾ?” ಎಂದು ಕೇಳಿಯೇಬಿಟ್ಟರು. ಆತ ಬೆಪ್ಪಾಗಿ ಬೂಟು ಬಿಚ್ಚತೊಡಗಿದ. ಅಂದಿನಿಂದ ತಮ್ಮ, ಅಂಗಡಿಗೂ ಮನೆಗೂ ನಡುವಿನ ಬಾಗಿಲಿಗೆ ಪರದೆ ಹಾಕಿಸಿದ.

ಆ ತಮ್ಮನಿಗೂ ಒಂದು ಹುಚ್ಚಿತ್ತು. ಮನೆಯ ಹಿಂದೆ, ಮೊದಲು ಬಟ್ಟೆ ಒಗೆಯುತ್ತಿದ್ದ ಕೋಣೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ತಾನಾಗಿ ಓಡಾಡಿ ಲೋಹ ಕೊರೆಯುವ ಒಂದು ಚಿಕ್ಕ ಮಿಲ್ಲಿಂಗ್ ಯಂತ್ರ ಇಟ್ಟುಕೊಂಡಿದ್ದ. ಅಂಗಡಿಗೆ ರಜೆಯಿರುವ ಗುರುವಾರ ಪೂರ್ತಿ, ಉಳಿದ ದಿನ ಬೆಳಗ್ಗೆ ಒಂದೆರಡು ಗಂಟೆ, ಅದರ ಮುಂದೆ. ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕನ್ನಡಕದ ಫ್ರೇಮ್ ಕೊರೆದು ತೆಗೆಯಬೇಕು ಎಂಬುದು ಅವನ ಹಟ. ಹೊಸಬರಿಗೆ ಅವನ ಹೆಂಡತಿ, “ನನಗೊಬ್ಬಳು ಸವತಿ ಇದ್ದಾಳೆ. ನೂರೈವತ್ತು ಕೆಜಿ ತೂಕ. ಒಗೆಯೋ ಕೋಣೇಲಿ ಇಟ್ಟಿದಾರೆ,” ಎಂದು ಪರಿಚಯ ಮಾಡಿಕೊಡುತ್ತಿದ್ದಳು.

ಸಿಸ್ಟರು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅಕ್ಕತಮ್ಮಂದಿರ ನಡುವೆ ಜಗಳವಿತ್ತು ಎಂದೇನಲ್ಲ. ಮಾತು ಕಡಿಮೆ, ಅಷ್ಟೆ. ಊಟ ಆಯ್ತಾ, ಆಯ್ತು. ನಿದ್ದೆ ಬಂತಾ, ಬಂತು. ಅದರಾಚೆ ಹೋಗದಂತೆ ಇಬ್ಬರೂ ನೋಡಿಕೊಳ್ಳುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯ ಮಿಕ್ಸರ್ ಅರ್ಧಕ್ಕೇ ನಿಂತಿತು. ಮನೆಗೆಲ್ಲ ಕರೆಂಟ್ ಇಲ್ಲ. ಪಕ್ಕದ ಮನೆಯ ರೇಡಿಯೋ ಹಾಡುತ್ತಿದೆ. ಹಿಂದಿನ ಕೋಣೆಯಿಂದ ತಮ್ಮ ಬಂದು ಮೇನ್ ಬೋರ್ಡಿನಲ್ಲಿ ಬಿದ್ದಿದ್ದ ಸ್ವಿಚ್ಚನ್ನು ಎತ್ತಿ ಹೋದ. ಐದು ನಿಮಿಷಕ್ಕೆ ಮತ್ತೆ ಬಿತ್ತು. ಮೂರನೆಯ ಸಲ ಅವನು ಎತ್ತಲು ಬಂದಾಗ ಸಿಸ್ಟರು ಹಿಂದೆಯೇ ಹೋದರು.

ಯಂತ್ರದ ಕೆಳಗೆ ಒಂದು ಬಕೆಟ್ಟು. ಅದರಲ್ಲಿ ನೀರಿಗೆ ಎಣ್ಣೆ ಬೆರೆಸಿದ, ಹಾಲಿನ ಬಣ್ಣದ ದ್ರವ. ಕೊರೆಯುವ ಜಾಗ ಕಾಯದಂತೆ ಅದನ್ನು ಒಂದು ಪಂಪು ಮೇಲಕ್ಕೆ ತಳ್ಳಿ ಸುರಿಸಬೇಕು. ಸುರಿದದ್ದು ತಟ್ಟೆಯಿಂದ ಮತ್ತೆ ಬಕೆಟ್ಟಿಗೆ ಇಳಿಯಬೇಕು. ಪಂಪಿಗೆ ಕರೆಂಟ್ ಕೊಟ್ಟ ಕ್ಷಣವೇ ಮನೆಯ ಸ್ವಿಚ್ಚು ಬೀಳುತ್ತಿತ್ತು. ತಮ್ಮ ಪ್ಲಗ್ಗು ಕಿತ್ತು, ವೈರು ಹಿಡಿದು ಪಂಪನ್ನು ಬಕೆಟ್ಟಿನಿಂದ ಎತ್ತಿದ. ಬಾಯಿಯ ತುಂಬ ಅಲ್ಯೂಮಿನಿಯಂ ಚೂರು, ನೆರೆಗೂದಲಿನಂತೆ ಸುತ್ತಿಕೊಂಡಿತ್ತು. ವೈರಿನ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿತ್ತು.

“ಹೋಗಿದೆ ಕಣೋ ಇದು,” ಎಂದರು ಸಿಸ್ಟರು.

“ನೀನು ನೋಡಿದ ತಕ್ಷಣ ಡೆತ್ ಸರ್ಟಿಫಿಕೇಟ್ ಬರೀಬೇಡ ಅಕ್ಕ.”

ಅವನು ಅದನ್ನು ಬಿಚ್ಚಿ ತೊಳೆದ, ಬಿಸಿಲಿಗಿಟ್ಟು ಒಣಗಿಸಿದ, ಮಂಗಳವಾರ ಮತ್ತೆ ಹಚ್ಚಿದ. ಮಿಕ್ಸರ್ ಮತ್ತೆ ಅರ್ಧಕ್ಕೆ ನಿಂತಿತು. ಅಡುಗೆಮನೆಯಿಂದ, “ರೀ, ನಿಮ್ಮ ಸವತಿಗೆ ಹೇಳಿ, ಚಟ್ನಿ ಆಗೋವರೆಗಾದ್ರೂ ಸುಮ್ನಿರು ಅಂತ!” ಎಂಬ ಕೂಗು ಬಂತು. “ನನಗಲ್ಲ, ನಿನಗೆ ಸವತಿ,” ಎಂದ ತಮ್ಮ.

ಬುಧವಾರ ಹೊಸ ಪಂಪು ಬಂತು. ಈ ಸಲ ಮುಳುಗಿಸುವ ಜಾತಿಯದು ಬೇಡವೆಂದು, ಹೊರಗಿದ್ದು ಪೈಪಿನಿಂದ ಎಳೆಯುವ ಪಂಪನ್ನು ತರಿಸಿದ್ದ. ಬೀಡು ಕಬ್ಬಿಣದ ಮೈ, ಎರಡು ಮುಷ್ಟಿಯಷ್ಟು ಗಾತ್ರ. ನೀರಿನ ಹನಿ ತಾಗದಿರಲೆಂದು ಬಕೆಟ್ಟಿನಿಂದ ಎರಡು ಮೊಳ ಎತ್ತರಕ್ಕೆ, ಗೋಡೆಯ ಹಲಗೆಯ ಮೇಲೆ ಅದನ್ನು ಕೂರಿಸಿದ. ಗುರುವಾರ ಬೆಳಗ್ಗೆ ವೈರಿಂಗ್ ಶುರುವಾಯಿತು. ಸಿಸ್ಟರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತರು.

ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಅವರು ಒಪ್ಪಿಕೊಂಡರು. ಕಂಪ್ಯೂಟರಿನಿಂದ ಬರುವ ಸಣ್ಣ ಕರೆಂಟು ರಿಲೇ ಎಂಬ ಪುಟ್ಟ ಡಬ್ಬಿಯನ್ನು ಎಬ್ಬಿಸುತ್ತದೆ. ಅದು ‘ಟಕ್’ ಎಂದು ಪಂಪಿನ ದೊಡ್ಡ ಕರೆಂಟನ್ನು ಬಿಡುತ್ತದೆ. ತಮ್ಮ ಕಂದು ವೈರನ್ನು ರಿಲೇ ದಾಟಿಸಿ ತಂದ, ನಡುವೆ ಫ್ಯೂಸ್ ಇಟ್ಟ, ನೀಲಿಯನ್ನು ನೇರ ಕೊಟ್ಟ. ಮೂರನೆಯದು, ಹಸಿರು ಹಳದಿ ಪಟ್ಟೆಯದು, ಉಳಿಯಿತು. ರಿಲೇ ಡಬ್ಬಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವನು ಅದನ್ನು ಮಡಿಸಿ, ತುದಿಗೆ ಟೇಪು ಸುತ್ತಿ, ಹಿಂದಕ್ಕೆ ತಳ್ಳಿದ.

“ಅದ್ಯಾಕೆ ಬಿಟ್ಟೆ?”

“ಅರ್ತ್ ಅದು, ಸೋರಿದ ಕರೆಂಟು ನೆಲಕ್ಕಿಳಿಯೋಕೆ. ಎರಡೇ ತೂತು ಇರೋದು. ಪಂಪ್ ಮೇಲಿದೆಯಲ್ಲ, ನೀರೇ ತಾಗಲ್ಲ.”

“ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರೆ. ನೀನು ಮೂರು ಕಾಲಿನ ಪಂಪಿಗೆ ಎರಡೇ ಕಾಲು ಅಂತಿದೀಯಲ್ಲೋ.”

“ಅಕ್ಕ, ಇದು ವಾರ್ಡಲ್ಲ.”

“ಕರೆಂಟಿಗೆ ಅದು ಗೊತ್ತಾ?”

ತಮ್ಮನ ಮುಖ ಊದಿತು. ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಾಗಿ ಅರ್ಧ ದಿನ ಕಾಯಬಲ್ಲ ಮನುಷ್ಯನಿಗೆ ಮಾತಿನ ವಿಷಯದಲ್ಲಿ ತಾಳ್ಮೆ ಇರಲಿಲ್ಲ. “ಈ ಯಂತ್ರ ಕಟ್ಟಿದ್ದು ನಾನು. ಇದರ ಪ್ರತಿ ಸ್ಕ್ರೂ ನನಗೆ ಗೊತ್ತು,” ಎಂದು ಸ್ವಿಚ್ಚಿನತ್ತ ಕೈ ಚಾಚಿದ.

ಸಿಸ್ಟರು ಜಗಳವಾಡಲಿಲ್ಲ. ಒಳಗೆ ಹೋಗಿ ಮೇನ್ ಸ್ವಿಚ್ ಇಳಿಸಿ, ಬೋರ್ಡಿಗೆ ಬೆನ್ನು ಕೊಟ್ಟು ನಿಂತು, ಉಳಿದ ಕಾಫಿ ಕುಡಿಯತೊಡಗಿದರು. ಫ್ರಿಜ್ಜು ಗುಟುರು ಹಾಕಿ ಸುಮ್ಮನಾಯಿತು.

“ರೀ, ಕರೆಂಟ್ ಹೋಯ್ತಾ?” ಎಂದಳು ತಮ್ಮನ ಹೆಂಡತಿ.

“ಹೋಗಿಲ್ಲ. ಅಕ್ಕ ತೆಗೆದಿದಾಳೆ.”

ಅವಳು ಒಮ್ಮೆ ಗಂಡನನ್ನೂ ಒಮ್ಮೆ ಅತ್ತಿಗೆಯನ್ನೂ ನೋಡಿದಳು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ತನಗೇನು ಕೆಲಸ ಎನ್ನುವಂತೆ ಪುಸ್ತಕ ತೆಗೆದುಕೊಂಡು ಜಗಲಿಗೆ ಹೋದಳು.

ಕಾಫಿ ಮುಗಿದ ಮೇಲೆ ಸಿಸ್ಟರು, ಯಾರಿಗೋ ವರದಿ ಓದುವ ದನಿಯಲ್ಲಿ ಹೇಳಿದರು. ವಾರ್ಡಿಗೆ ಒಬ್ಬ ಬಡಗಿ ಬರುತ್ತಿದ್ದ. ಆರನೇ ಮಂಚ. ಯಂತ್ರ ಮುಟ್ಟಿದಾಗಲೆಲ್ಲ, “ಸಿಸ್ಟರ್, ಇದು ಚಿವುಟುತ್ತೆ,” ಅನ್ನುತ್ತಿದ್ದ. ರಕ್ತ ಶುದ್ಧಿಗೆ ಬಂದವರಿಗೆ ಮೈಯೆಲ್ಲ ಜುಮ್ಮೆನ್ನುವುದು ಹೊಸದಲ್ಲ, ಟೆಕ್ನಿಷಿಯನ್ನರು ನಕ್ಕರು. “ಒಂದು ವಾರ ನಾನೂ ನಕ್ಕೆ. ಆಮೇಲೊಂದು ದಿನ ಗ್ಲೌಸ್ ತೆಗೆದು ಕೈಯ ಹಿಂಭಾಗ ತಾಗಿಸಿದೆ. ಚಿವುಟ್ತು. ಪ್ಲಗ್ಗಿನ ಒಳಗೆ ಅರ್ತ್ ವೈರು ತುಂಡಾಗಿತ್ತು.”

“ಅವನಿಗೆ ಏನಾದ್ರೂ ಆಯ್ತಾ?”

“ಏನೂ ಆಗಲಿಲ್ಲ. ಆಗಬಹುದಿತ್ತು.”

ತಮ್ಮ ಕೋಣೆಗೆ ಹಿಂತಿರುಗಿದ. ಟೇಪು ಬಿಚ್ಚಿ, ಹಸಿರು ಹಳದಿ ವೈರಿನ ತುದಿಗೆ ಉಂಗುರದಂಥ ತಾಮ್ರದ ಕೊಂಡಿ ಒತ್ತಿದ. ಯಂತ್ರದ ಕಾಲಿನ ಹತ್ತಿರ, ಗೋಡೆಯಿಂದ ಬಂದ ಅರ್ತ್ ಸೇರುವ ಬೋಲ್ಟು ಇತ್ತು. ಅಲ್ಲಿ ಪೇಂಟು ಕೆರೆದು, ಲೋಹಕ್ಕೆ ಲೋಹ ಮುಟ್ಟುವಂತೆ ಕೊಂಡಿಯನ್ನು ಬಿಗಿದ. ಮೀಟರಿನ ಒಂದು ಕಡ್ಡಿ ಪಂಪಿನ ಮೈಗೆ, ಇನ್ನೊಂದು ಬೋಲ್ಟಿಗೆ. ‘ಕುಂಯ್’ ಎಂದಿತು ಮೀಟರು. ಅಕ್ಕ ಕೇಳುವ ಮೊದಲೇ ಯಂತ್ರದ ಮೈಗೂ ಹಿಡಿದು ಕುಂಯ್ಗುಡಿಸಿದ. ವೈರನ್ನು ಎಳೆದು ನೋಡಿದ. ಬೋಲ್ಟಿನಿಂದ ಕಿತ್ತು ಬರಲಿಲ್ಲ. ಆಮೇಲೆ ಸಿಸ್ಟರು ಮೇನ್ ಎತ್ತಿದರು.

ರಿಲೇ ಟಕ್ ಎಂದಿತು. ಪಂಪು ತಿರುಗಿತು. ಒಂದು ಹನಿಯೂ ಬರಲಿಲ್ಲ.

ತಮ್ಮ ನಳಿಕೆಯ ಬಾಯಿ ಬಿಚ್ಚಿ ನೋಡಿದ, ಸರಿಯಿತ್ತು. ಪೈಪು ಮಡಿಚಿದೆಯೇ ನೋಡಿದ, ಇರಲಿಲ್ಲ. ಮೋಟಾರು ತಿರುಗುವ ದಿಕ್ಕನ್ನು ಮೈಮೇಲಿನ ಬಾಣದ ಗುರುತಿಗೆ ಹೋಲಿಸಿದ, ಅದೂ ಸರಿ. ಪಂಪು ಮಾತ್ರ ಬರಿದೇ ಗುಂಯ್ಗುಡುತ್ತಿತ್ತು.

“ನಿಲ್ಲಿಸೋ ಅದನ್ನ. ಗಾಳಿ ಕುಡೀತಿದೆ,” ಎಂದರು ಸಿಸ್ಟರು. “ನೀರು ಎಳೆಯೋ ಪಂಪಿನ ಹೊಟ್ಟೇಲಿ ಮೊದಲು ನೀರಿರಬೇಕು. ಒಣ ಓಡಿಸಿದ್ರೆ ಸೀಲು ಸುಟ್ಟೀತು.”

ತಮ್ಮ ನಿಲ್ಲಿಸಿದ. ಅವರು ಕೋಣೆಗೆ ಹೋಗಿ ಟ್ರಂಕಿನಿಂದ ಸೂಜಿಯಿಲ್ಲದ ಒಂದು ದೊಡ್ಡ ಸಿರಿಂಜು ತಂದರು. ಆಸ್ಪತ್ರೆ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ, ಮೇಲಿನ ಪಾರದರ್ಶಕ ಪೈಪನ್ನು ಬಿಚ್ಚಿ, ತಮ್ಮನ ಕೈಗೆ ಕೊಟ್ಟು, “ಎತ್ತಿ ಹಿಡಿ, ಇನ್ನೂ ಮೇಲೆ,” ಎಂದರು. ಸಿರಿಂಜಿನಿಂದ ಹಾಲಿನಂಥ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಿದರು. ಎರಡು ಸಿರಿಂಜು ಹೋಯಿತು, ಮೂರು, ನಾಲ್ಕು. ಗುಳ್ಳೆಗಳು ಬಂದವು. ಅವರು ಪಂಪಿನ ಮೈಯನ್ನು ಅಂಗೈಯಿಂದ ತಟ್ಟಿದರು. ಹೊಡೆತವಲ್ಲ, ಎಳೆಗೂಸಿಗೆ ತೇಗು ಬರಿಸುವಂಥ ತಟ್ಟು. ಒಂದು ಕಡೆ, ಇನ್ನೊಂದು ಕಡೆ, ಆಮೇಲೆ ಪೈಪಿನ ಮೇಲೆ ಎರಡು ಬೆರಳು. ಅಂಟಿಕೊಂಡಿದ್ದ ಗುಳ್ಳೆಗಳು ಒಂದೊಂದಾಗಿ ಬಿಟ್ಟು ಮೇಲೆ ಬಂದವು.

“ಎಲ್ಲಿ ಕಲಿತೆ ಇದನ್ನ?”

“ದಿನಕ್ಕೆ ಎಂಟು ಸಲ ಮಾಡ್ತಿದ್ದೆ. ಪೈಪಿನಲ್ಲಿ ಗಾಳಿ ಉಳಿದ್ರೆ ಮನುಷ್ಯನ ಮೈಗೆ ಹೋಗುತ್ತೆ. ಅಪ್ಪನಿಗೂ ಹೀಗೇ ತಟ್ಟಿ ತಟ್ಟಿ ಹಚ್ತಿದ್ದೆ.”

ಅಪ್ಪನ ಮಾತು ಅವರಿಬ್ಬರ ನಡುವೆ ಬಂದದ್ದು ಬಹಳ ವರ್ಷದ ಮೇಲೆ. ನಾಲ್ಕು ವರ್ಷ, ವಾರಕ್ಕೆ ಮೂರು ಸಲ, ಅಪ್ಪನಿಗೆ ಅಕ್ಕನ ವಾರ್ಡಿನಲ್ಲಿ ಡಯಾಲಿಸಿಸ್ ಆಗಿತ್ತು. ತಮ್ಮ ಕಾರಿನಲ್ಲಿ ಕರೆತಂದು ಇಳಿಸುತ್ತಿದ್ದ, ನಾಲ್ಕು ಗಂಟೆಯ ಮೇಲೆ ಕರೆದೊಯ್ಯುತ್ತಿದ್ದ. ಒಂದು ಸಲವೂ ಒಳಗೆ ಬಂದು ಅಪ್ಪನ ಪಕ್ಕ ಕೂರಲಿಲ್ಲ. ಅದನ್ನು ಅಕ್ಕ ಕೇಳಲಿಲ್ಲ, ತಮ್ಮ ಹೇಳಲಿಲ್ಲ. ಮಾತು ಕಡಿಮೆಯಾದದ್ದು ಅಲ್ಲಿಂದಲೇ.

ತಮ್ಮ ಎತ್ತಿ ಹಿಡಿದ ಪೈಪನ್ನೇ ನೋಡುತ್ತಿದ್ದ. “ಪೈಪಿನಲ್ಲಿ ಅಪ್ಪನ ರಕ್ತ ಓಡೋದನ್ನ ನೋಡೋಕೆ ನನ್ನ ಕೈಲಿ ಆಗ್ತಿರಲಿಲ್ಲ,” ಎಂದ. “ಬಾಗಿಲವರೆಗೂ ಬರ್ತಿದ್ದೆ. ನಿನಗೆ ಗೊತ್ತಿಲ್ಲ.”

“ಗೊತ್ತು.”

“ಹೇಗೆ?”

“ವಾರ್ಡಿನ ಬಾಗಿಲು ನೆಲಕ್ಕೆ ತಾಗ್ತಿರಲಿಲ್ಲ. ನಿನ್ನ ಬೂಟು ಕಾಣ್ತಿತ್ತು. ಒಂದೊಂದು ಸಲ ಒಂದು ಗಂಟೆ ನಿಂತಿರ್ತಿತ್ತು.” ಅವರು ಸಿರಿಂಜು ತುಂಬಿಕೊಂಡರು. “ಅಪ್ಪನಿಗೂ ತೋರಿಸಿದ್ದೆ. ಕೈ ಇಳಿಸ್ಬೇಡ, ಗಾಳಿ ಹೋಗುತ್ತೆ.”

ತಮ್ಮ ಕೈ ಇಳಿಸಲಿಲ್ಲ. ದ್ರವ ಪೈಪಿನ ಬಾಯಿವರೆಗೆ ಬಂದ ಮೇಲೆ ಸಿಸ್ಟರು ಹೆಬ್ಬೆರಳಿನಿಂದ ಮುಚ್ಚಿ, ನಳಿಕೆಗೆ ಸಿಕ್ಕಿಸಿ, “ಈಗ ಹಾಕು,” ಎಂದರು. ರಿಲೇ ಟಕ್ ಎಂದಿತು. ಪಂಪು ಎರಡು ಸಲ ಕೆಮ್ಮಿ ದನಿ ಬದಲಿಸಿತು. ನಳಿಕೆಯಿಂದ ಚಿಮ್ಮಿದ ಬಿಳಿ ಧಾರೆ ನೇರ ತಮ್ಮನ ಎದೆಗೆ ಬಡಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸಿಸ್ಟರಿಗೆ ಚೆನ್ನಾಗಿರುತ್ತಿತ್ತು. ಊಟಕ್ಕೆ ಕುಳಿತಾಗ ಅವರು, “ಇನ್ನು ವರ್ಷಗಟ್ಟಲೆ ತೊಂದರೆ ಇಲ್ಲ,” ಎಂದಿದ್ದರು. ಮರುದಿನ ಬೆಳಗ್ಗೆ ಪಂಪು ಮತ್ತೆ ಒಣ ಗಂಟಲಿನಲ್ಲಿ ಗುಂಯ್ಗುಟ್ಟಿತು.

“ಅಕ್ಕಾ, ನಿನ್ನ ಪೇಷಂಟು ಮತ್ತೆ ಅಡ್ಮಿಟ್ ಆಗಿದೆ!”

ಅವರು ಮತ್ತೆ ಸಿರಿಂಜು ಹಿಡಿದರು. ಮತ್ತೆ ಬಂತು. ಶನಿವಾರ ಮತ್ತೆ ಹೋಯಿತು. ತಮ್ಮನ ಹೆಂಡತಿ, “ದಿನಾ ತುತ್ತು ಮಾಡಿ ತಿನ್ನಿಸ್ಬೇಕಾ ಇದಕ್ಕೆ?” ಎಂದು ಕೇಳಿ ಹೋದಳು. ಸಿಸ್ಟರಿಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷ ತಾನು ಮಾಡಿದ ಕೆಲಸದಲ್ಲಿ ಯಾವುದೋ ಒಂದು ಮೆಟ್ಟಿಲು ತಪ್ಪಿದೆ ಎನ್ನಿಸಿತು. ಮಧ್ಯಾಹ್ನವೆಲ್ಲ ಮಂಚದ ಮೇಲೆ ಕುಳಿತು, ಖಾಲಿ ಕೈಯಲ್ಲಿ ವಾರ್ಡಿನ ಕೆಲಸವನ್ನು ಮೊದಲಿನಿಂದ ಮಾಡಿ ನೋಡಿದರು: ಬಾಟಲಿ ತೆಗೆದೆ, ಸೀಲು ಒಡೆದೆ, ಸ್ಟ್ಯಾಂಡಿಗೆ ತೂಗುಹಾಕಿದೆ. ಅಲ್ಲಿ ಕೈ ನಿಂತಿತು.

ಬಾಟಲಿ ಮೇಲಿರುತ್ತಿತ್ತು. ನೀರು ತಾನಾಗಿ ಇಳಿದು ಬರುತ್ತಿತ್ತು. ಇಲ್ಲಿ ಬಕೆಟ್ಟು ಕೆಳಗೆ, ಪಂಪು ಮೇಲೆ. ನಿಲ್ಲಿಸಿದ ಕೂಡಲೇ ತುಂಬಿದ್ದೆಲ್ಲ ನಿಧಾನವಾಗಿ ಬಕೆಟ್ಟಿಗೇ ಜಾರುತ್ತದೆ. ಅವರು ಎದ್ದು ಹೋಗಿ ಪರದೆ ಸರಿಸಿದರು. ತಮ್ಮ ಒಬ್ಬ ಗಿರಾಕಿಯ ಮೂಗಿನ ಅಳತೆ ತೆಗೆಯುತ್ತಿದ್ದ.

“ಪಂಪ್ ಕೆಳಗಿಳಿಸ್ಬೇಕು ಕಣೋ. ಬಕೆಟ್ ಮೇಲೆ ಬರ್ಬೇಕು.”

“ಕೆಳಗಿಳಿಸಿದ್ರೆ, ಬಕೆಟ್ ಸೋರಿದಾಗ ಪಂಪಿನ ತಲೆ ಮೇಲೇ ಬೀಳುತ್ತಲ್ಲ? ಅದಕ್ಕೇ ಅಲ್ವಾ ಮೇಲೆ ಇಟ್ಟಿದ್ದು?”

ಅದೂ ನಿಜವೇ. ಗಿರಾಕಿ ಇಬ್ಬರನ್ನೂ ನೋಡಿ, “ಕೊಡೆ ಹಿಡಿದ್ರಾಯ್ತು,” ಎಂದು ತಮಾಷೆ ಮಾಡಿದ. ತಮ್ಮ ಅಳತೆಯ ಪಟ್ಟಿ ಕೆಳಗಿಟ್ಟು ಆ ಮನುಷ್ಯನನ್ನೇ ಒಂದು ಗಳಿಗೆ ನೋಡಿದ.

ಮುಂದಿನ ಗುರುವಾರ ಮೂವರೂ ಒಗೆಯುವ ಕೋಣೆಯಲ್ಲಿದ್ದರು. ಯಂತ್ರದ ತಟ್ಟೆಗಿಂತ ಕೆಳಗೆ, ಪಂಪಿಗಿಂತ ಮೇಲೆ ಇರಬೇಕಾದ ಬಕೆಟ್ಟಿಗೆ ತಮ್ಮನ ಹೆಂಡತಿ ತನ್ನ ಹಳೆಯ ಸ್ಟೂಲು ಕೊಟ್ಟಳು, “ಇದೂ ಹೋಯ್ತು,” ಎನ್ನುತ್ತ. ತಮ್ಮ ಬಕೆಟ್ಟಿನ ಬುಡದ ಪಕ್ಕಕ್ಕೆ ತೂತು ಕೊರೆದು, ಕುಡಿಯುವ ನೀರಿನ ಫಿಲ್ಟರಿಗೆ ಹಾಕುವಂಥ ನಲ್ಲಿ ಕೂರಿಸಿದ. ಪಂಪು ನೆಲದಿಂದ ಒಂದು ಗೇಣು ಎತ್ತರಕ್ಕೆ, ಇಟ್ಟಿಗೆಗಳ ಮೇಲೆ ಬಂತು. ಅದರ ತಲೆಯ ಮೇಲೆ ಮಡಚಿದ ತಗಡಿನ ಇಳಿಜಾರು ಮಾಡು, ಆ ಗಿರಾಕಿಯ ಕೊಡೆ. ತಟ್ಟೆಯಿಂದ ಇಳಿಯುವ ಪೈಪಿನ ಬಾಯಿಗೆ ಸಿಸ್ಟರು ನೈಲಾನ್ ಬಟ್ಟೆಯ ಚೀಲ ಹೊಲಿದು ಕಟ್ಟಿದರು. ಲೋಹದ ಚೂರು ಅಲ್ಲೇ ನಿಲ್ಲಬೇಕು. ಪಂಪಿನ ಜಾಗ ಬದಲಾಗಿದ್ದರಿಂದ ವೈರನ್ನೂ ಮತ್ತೆ ಎಳೆಯಬೇಕಾಯಿತು. ತಮ್ಮ ಈ ಸಲ ಹಸಿರು ಹಳದಿಯನ್ನೇ ಮೊದಲು ಬಿಗಿದು, ಆಮೇಲೆ ಉಳಿದೆರಡನ್ನು ಮುಟ್ಟಿದ.

ನಲ್ಲಿ ತಿರುಗಿಸಿದಾಗ ಪೈಪು ತಾನಾಗಿ ತುಂಬಿತು. ಗುಳ್ಳೆಗಳು ತಾವಾಗಿ ನಳಿಕೆಯಿಂದ ಹೊರಬಿದ್ದವು. ಶುಕ್ರವಾರ ಬೆಳಗ್ಗೆ ಪಂಪು ಮೊದಲ ಟಕ್ಕಿಗೇ ಎದ್ದಿತು. ಶನಿವಾರವೂ.

ಫ್ರೇಮು ಹೊರಬರಲು ಇನ್ನೂ ಮೂರು ವಾರ ಬೇಕಾಯಿತು. ನುಣುಪಾಗಿ, ಒಂದು ಗೀರಿಲ್ಲದೆ ಬಂತು. ತಮ್ಮನ ಹೆಂಡತಿ ಹಾಕಿಕೊಂಡು ಕನ್ನಡಿ ನೋಡಿ, “ಮೂಗಿನ ಮೇಲೆ ಕಾಂಪೌಂಡ್ ಗೇಟು,” ಎಂದು ತೆಗೆದಿಟ್ಟಳು. ಅದೀಗ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ನೋಡುವವರು ಬಹಳ, ಕೇಳಿದವರು ಇಲ್ಲ. ತಮ್ಮ ಎರಡನೆಯದನ್ನು ತೆಳ್ಳಗೆ ಕೊರೆಯುತ್ತಿದ್ದಾನೆ. ಚೀಲ ತೊಳೆಯುವುದು, ದ್ರವದ ಮಟ್ಟ ನೋಡುವುದು, ವಾಸನೆ ಬಂದರೆ ಬದಲಿಸುವುದು ಸಿಸ್ಟರ ಕೆಲಸ. ಯಾರೂ ಹಂಚಿಕೊಟ್ಟದ್ದಲ್ಲ. ಕೊರೆಯುವಾಗ ಇಬ್ಬರೂ ಅಕ್ಕಪಕ್ಕ ಕುಳಿತಿರುತ್ತಾರೆ. ಈಗಲೂ ಮಾತು ಹೆಚ್ಚೇನಿಲ್ಲ.

ಆ ತಿಂಗಳ ಕೊನೆಗೆ ಆಸ್ಪತ್ರೆಯಿಂದ ಫೋನು ಬಂತು. ವಾರ್ಡಿನ ಈಗಿನ ಮುಖ್ಯಸ್ಥೆ, ಸಿಸ್ಟರ ಕೈಕೆಳಗೆ ಕಲಿತವಳು. ಹೊಸದಾಗಿ ಸೇರಿದವರಿಗೆ ಕಲಿಸಲು ವಾರಕ್ಕೆ ಮೂರು ದಿನ ಬರಲಾದೀತೇ ಎಂದು ಕೇಳಿದಳು. ಎರಡು ತಿಂಗಳ ಹಿಂದೆ ಕೇಳಿದ್ದರೆ ಸಿಸ್ಟರು ಫೋನು ಇಡುವ ಮೊದಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

“ಎರಡು ದಿನ ಬರ್ತೀನಿ. ಸೋಮವಾರ, ಶನಿವಾರ. ಗುರುವಾರ ಮಾತ್ರ ಕೇಳ್ಬೇಡ.”

“ಗುರುವಾರ ಯಾಕಾಗಲ್ಲ ಸಿಸ್ಟರ್?”

“ಅವತ್ತು ಮನೇಲಿ ಮೆಷಿನ್ ಹಚ್ತೀವಿ.”

ಆ ಕಡೆ ದನಿ ಇಳಿಯಿತು. “ಅಯ್ಯೋ... ಯಾರಿಗೆ ಸಿಸ್ಟರ್? ತಮ್ಮನಿಗಾ?”

“ಹ್ಞೂಂ, ತಮ್ಮನಿಗೇ. ಕಾಯಿಲೆ ಏನಿಲ್ಲ. ಅಲ್ಯೂಮಿನಿಯಂ ಕೊರೀತಾನೆ,” ಎಂದ ಸಿಸ್ಟರು, ಅವಳಿಗೆ ಅದನ್ನು ಅರ್ಥಮಾಡಿಸಲು ಇನ್ನೂ ಹತ್ತು ನಿಮಿಷ ಫೋನಿನಲ್ಲಿರಬೇಕಾಯಿತು.